ಮುಕ್ತಿನಾಥದ ತೆಳುಗಾಳಿ, ನಮ್ಮ ಬಾವಿಯ ಕೆಟ್ಟಗಾಳಿ

ಸುನೌಲಿ

ನೇಪಾಳ ನಮಗಿಂತ ಹದಿನೈದು ನಿಮಿಷ ಮುಂದಿದೆ. ಅರ್ಧ ಗಂಟೆಯಲ್ಲ, ಒಂದು ಗಂಟೆಯಲ್ಲ, ಬರೀ ಹದಿನೈದು ನಿಮಿಷ. ಗಡಿಯ ಕಮಾನು ದಾಟಿ ಚಹಾ ಅಂಗಡಿಯಲ್ಲಿ ಕುಳಿತಾಗ ಅಲ್ಲಿಯ ಗೋಡೆ ಗಡಿಯಾರ ನೋಡಿದ ನನ್ನ ತಮ್ಮ ತಿಪ್ಪೇಶ, ತನ್ನ ವಾಚು ಕೆಟ್ಟಿತೆಂದು ಕಿವಿಗೆ ಹಿಡಿದ. ಅಂಗಡಿಯವನು ನಕ್ಕು ಹಿಂದಿಯಲ್ಲಿ ವಿಷಯ ಹೇಳಿದ.

"ಹದಿನೈದು ನಿಮಿಷ ಹೆಚ್ಚಿಗೆ ಇಟ್ಕಂಡು ಬೇರೆ ದೇಶ ಅಂತಾವ್ರೆ ನೋಡಕ್ಕ," ಅಂದ ತಿಪ್ಪೇಶ.

ಹೊರದೇಶ ಅಂದರೆ ವಿಮಾನದಲ್ಲೇ ಹೋಗಬೇಕು ಅಂದುಕೊಂಡಿದ್ದವಳು ನಾನು. ಇಲ್ಲಿ ನೋಡಿದರೆ ಸೈಕಲ್ ರಿಕ್ಷಾಗಳು, ಈರುಳ್ಳಿ ಲಾರಿಗಳು, ತಲೆ ಮೇಲೆ ಹಾಸಿಗೆ ಹೊತ್ತ ಹೆಂಗಸರು ಎಲ್ಲ ಒಂದೇ ಕಮಾನಿನ ಕೆಳಗೆ ನುಗ್ಗುತ್ತಿದ್ದರು. ಚಹಾ ಕುಡಿಯುವಾಗ ನನ್ನ ಕೈಚೀಲ ಭಾರತದಲ್ಲೇ ಉಳಿದದ್ದು ನೆನಪಾಯಿತು. ಓಡಿಹೋಗಿ ತಂದೆ. ಹಾಗಾಗಿ ಒಂದೇ ಬೆಳಿಗ್ಗೆ ಎರಡು ಸಲ ವಿದೇಶಕ್ಕೆ ಹೋದವಳು ನಮ್ಮ ಹೋಬಳಿಯಲ್ಲಿ ನಾನೊಬ್ಬಳೇ ಇರಬೇಕು.

ನಾವು ಹನ್ನೆರಡು ಜನ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಕಡೆಯವರು. ಕರೆದುಕೊಂಡು ಹೊರಟವರು ರಾಮಗಿರಿಯ ರುದ್ರಪ್ಪ ಮೇಷ್ಟ್ರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು. ಪಶುಪತಿನಾಥ, ಮುಕ್ತಿನಾಥ ಎರಡನ್ನೂ ತೋರಿಸುತ್ತೇನೆಂದು ಹೇಳಿದ್ದರು. ನಾನು ಧರ್ಮಪುರದ ಹತ್ತಿರದ ಹಳ್ಳಿಯವಳು. ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಈಗ ಅದೇ ಶಾಲೆಯಲ್ಲಿ ಬಿಸಿಯೂಟ ಮಾಡುತ್ತೇನೆ. ತಿಪ್ಪೇಶ ಜವನಗೊಂಡನಹಳ್ಳಿಯ ಹೈವೇ ಪಕ್ಕದಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ. ಲಾರಿ ಡ್ರೈವರುಗಳಿಂದ ಹಿಂದಿ ಕಲಿತಿದ್ದಾನೆ. ದಾರಿಯುದ್ದಕ್ಕೂ ಎಲ್ಲರೂ ದೂರದ ಬೆಟ್ಟ ನೋಡುತ್ತಿದ್ದರೆ ಅವನು ಟೈರು ನೋಡುತ್ತಿದ್ದ. "ಇದು ಬೋಳಾಗೈತೆ. ಇದು ಇನ್ನೊಂದು ತಿಂಗಳು ಬಂದ್ರೆ ಹೆಚ್ಚು."

ಅವನ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಕಬ್ಬಿಣದ ಬೀಗದ ಕೈ ಇರುತ್ತದೆ. ಅದಕ್ಕೆ ಬೀಗವಿಲ್ಲ. ಮೂರ್ಛೆ ಬಂದು ಬಿದ್ದವರ ಕೈಗೆ ಕಬ್ಬಿಣ ಹಿಡಿಸಬೇಕೆಂದು ನಮ್ಮ ಕಡೆಯವರ ನಂಬಿಕೆ. ತಿಪ್ಪೇಶನಿಗೆ ಮೂರ್ಛೆ ರೋಗವಿದೆ ಎಂದು ಊರೇ ನಂಬಿತ್ತು. ಅವನೂ ನಂಬಿದ್ದ. ಹಾಗೇನೂ ಇಲ್ಲ ಎಂದು ಗೊತ್ತಿದ್ದವಳು ನಾನೊಬ್ಬಳೇ. ಇದನ್ನು ಕೊನೆಗೆ ಹೇಳಿ ನಿಮ್ಮನ್ನು ಬೆಚ್ಚಿಬೀಳಿಸುವ ಆಸೆ ನನಗಿಲ್ಲ. ಮೊದಲೇ ತಿಳಿದಿದ್ದರೆ ಈ ಪ್ರವಾಸದಲ್ಲಿ ನನ್ನ ಹೊಟ್ಟೆಯಲ್ಲಿ ಏನಿತ್ತು ಎಂದು ನಿಮಗೆ ಗೊತ್ತಾಗುತ್ತದೆ.

ಪೋಖರಾ ದಾರಿಯ ಬಸ್ಸು

ನೇಪಾಳದ ಬಸ್ಸಿನಲ್ಲಿ ಯಾರೂ ಸುಮ್ಮನೆ ಕೂರುವುದಿಲ್ಲ. ನನ್ನ ಪಕ್ಕದ ಹೆಂಗಸು ಎರಡು ಕೋಳಿ ಹಿಡಿದುಕೊಂಡಿದ್ದಳು. ಒಂದನ್ನು ನನ್ನ ತೊಡೆಯ ಮೇಲೆ ಇಟ್ಟು, ನನ್ನನ್ನು ಕೇಳದೆಯೇ, ಜಡೆ ಹಾಕಿಕೊಳ್ಳತೊಡಗಿದಳು. ನಮ್ಮ ಬಸ್ಸುಗಳಲ್ಲಿ ಕೂಸನ್ನು ಹಾಗೆ ಕೊಡುತ್ತಾರೆ. ಕೋಳಿಯನ್ನು ಕೊಟ್ಟದ್ದು ನೋಡಿದ್ದು ಇದೇ ಮೊದಲು. ಕೋಳಿಯೂ ಕೂಸಿನಂತೆ ನಿದ್ದೆ ಮಾಡಿತು.

ಮೇಷ್ಟ್ರು ಹಿಂದಿನ ಸೀಟಿನಲ್ಲಿ ಪಾಠ ಶುರುಮಾಡಿದ್ದರು. ನಾಲ್ಕು ದಿನದಲ್ಲಿ ನಾವು ಎತ್ತರಕ್ಕೆ ಹೋಗುವವರು, ಅಲ್ಲಿ ಉಸಿರು ಸಾಲುವುದಿಲ್ಲ, ಯಾಕೆ ಎಂದು ತಿಳಿದಿರಬೇಕು ಎಂದು ಅವರ ವಾದ. ಪೇಪರು ಹಾಸಿ ನಾನು ತಂದಿದ್ದ ಹುರಿದ ಶೇಂಗಾ ಸುರಿದು ನೂರು ಬೀಜ ಎಣಿಸಿದರು.

"ನಾವು ಒಂದು ಸಲ ಮೂಗಿನಾಗೆ ಎಳ್ಕಳೋ ಗಾಳಿ ಈ ನೂರು ಬೀಜ ಅನ್ಕಳ್ರಿ. ಇದರಾಗೆ ಎಪ್ಪತ್ತೆಂಟು ಬರೀ ಸಾರಜನಕ. ನೈಟ್ರೋಜನ್."

ತಿಪ್ಪೇಶ ಎದ್ದು ಕುಳಿತ. "ಮೇಷ್ಟ್ರೇ, ಕಾರಿನವರು ಟೈರಿಗೆ ನೈಟ್ರೋಜನ್ನೇ ಬೇಕು ಅಂತ ಹಟ ಮಾಡ್ತಾರೆ. ನಾನು ಹಾಕೋ ಗಾಳಿನಾಗೆ ಮುಕ್ಕಾಲು ಪಾಲು ಅದೇ ಐತಾ ಹಂಗಾದ್ರೆ?"

"ಐತಪ್ಪ. ಮುಕ್ಕಾಲಿಗಿಂತ ಜಾಸ್ತಿನೇ ಐತೆ."

"ಬೋರ್ಡ್ ಬರೆಸ್ತೀನಿ ತಡೀರಿ."

ಎಲ್ಲರೂ ನಕ್ಕರು. ಇಪ್ಪತ್ತೊಂದು ಬೀಜ ಆಮ್ಲಜನಕ, ನಾವು ಬದುಕುವುದು ಅದರಿಂದ. ಉಳಿದ ಒಂದು ಬೀಜದಲ್ಲಿ ಬಹುಪಾಲು ಆರ್ಗಾನ್, ಯಾರ ತಂಟೆಗೂ ಹೋಗದ ಅನಿಲ. ಎತ್ತರಕ್ಕೆ ಹೋದರೂ ಈ ಲೆಕ್ಕ ಬದಲಾಗುವುದಿಲ್ಲವಂತೆ. ಅಲ್ಲಿಯೂ ನೂರರಲ್ಲಿ ಇಪ್ಪತ್ತೊಂದೇ.

"ಮತ್ತೆ ಉಸಿರು ಯಾಕೆ ಸಾಲಲ್ಲ?" ನಾನು ಕೇಳಿದೆ.

"ಕಣದಾಗೆ ಶೇಂಗಾ ಚೀಲ ಅಟ್ಟಿ ಹಾಕಿರ್ತೀರಲ್ಲಮ್ಮ, ತಳದ ಚೀಲ ಹೆಂಗಿರ್ತೈತೆ? ಮೇಲಿನ ಚೀಲದ ಭಾರಕ್ಕೆ ಗಟ್ಟಿಯಾಗಿ ಒತ್ಕಂಡಿರ್ತೈತೆ. ಗಾಳಿಗೂ ಭಾರ ಐತೆ. ನಾವು ಹಿರಿಯೂರಾಗೆ ತಳದ ಚೀಲದಾಗೆ ಇರೋರು. ಮುಕ್ತಿನಾಥ ಮೇಲಿನ ಚೀಲ, ಸಡಿಲ. ಒಂದು ಬೊಗಸೆ ತುಂಬಿದ್ರೆ ಇಲ್ಲಿ ನೂರು ಬೀಜ ಬಂದ್ರೆ ಅಲ್ಲಿ ಅರವತ್ತು ಚಿಲ್ಲರೆ."

ಇಷ್ಟು ಚೆನ್ನಾಗಿ ಯಾರಾದರೂ ಹೇಳಿಕೊಟ್ಟಿದ್ದರೆ ನಾನು ಏಳನೇ ಕ್ಲಾಸಿಗೂ ಹೋಗುತ್ತಿದ್ದೆನೇನೋ. ಅಷ್ಟರಲ್ಲಿ ಮೇಷ್ಟ್ರು ಇಂಗಾಲದ ಡೈಆಕ್ಸೈಡಿಗೆ ಬಂದರು. ಅದು ಹತ್ತು ಸಾವಿರ ಬೀಜದಲ್ಲಿ ನಾಲ್ಕು. "ಹರಡ್ಕಂಡಿದ್ರೆ ಏನೂ ಮಾಡಲ್ಲ. ಆದ್ರೆ ಅದು ಗಾಳಿಗಿಂತ ಭಾರ. ತಗ್ಗು ಸಿಕ್ಕರೆ ಇಳಿದು ಕುಂತ್ಕಂತೈತೆ. ಹಳೇ ಬಾವಿಗಳಾಗೆ..."

ನಾನು ಕಿಟಕಿಯ ಕಡೆ ತಿರುಗಿದೆ. ಕೋಳಿ ಎಚ್ಚರವಾಗಿ ನನ್ನ ಬೆರಳು ಕುಕ್ಕಿತು.

ಇಪ್ಪತ್ತೆರಡು ವರ್ಷದ ಹಿಂದೆ, ಒಂದು ಬೇಸಿಗೆಯಲ್ಲಿ ನಮ್ಮ ಹೊಲದ ಹಳೇ ಬಾವಿಯ ಹೂಳೆತ್ತಬೇಕಿತ್ತು. ತಿಪ್ಪೇಶನಿಗೆ ಆಗ ಇಪ್ಪತ್ತನಾಲ್ಕು. ಬಾವಿಗೆ ಇಳಿಯುವುದರಲ್ಲಿ ಅವನಷ್ಟು ಚುರುಕಿನವರು ಸುತ್ತಮುತ್ತ ಇರಲಿಲ್ಲ. ಬಹಳ ದಿನ ಮುಟ್ಟದ ಬಾವಿಗೆ ನಮ್ಮಲ್ಲಿ ಯಾರೂ ಹಾಗೇ ಇಳಿಯುವುದಿಲ್ಲ. ಮೊದಲು ಹಚ್ಚಿದ ಲಾಟೀನನ್ನು ಹಗ್ಗಕ್ಕೆ ಕಟ್ಟಿ ತಳದವರೆಗೆ ಬಿಡುತ್ತಾರೆ. ದೀಪ ಉರಿಯುತ್ತಿದ್ದರೆ ಮನುಷ್ಯ ಇಳಿಯಬಹುದು. ಆರಿದರೆ ಕೆಳಗೆ ಕೆಟ್ಟಗಾಳಿ ಇದೆ ಎಂದು ಅರ್ಥ, ಅವತ್ತಿಗೆ ಕೆಲಸ ಬಂದ್. ನಮ್ಮ ಮನೆಯಲ್ಲಿ ಲಾಟೀನು ಬಿಡುವವಳು ನಾನು.

ಅವತ್ತು ಬೆಳಿಗ್ಗೆ ಸೀಮೆಎಣ್ಣೆ ಹಾಕು ಎಂದು ಅಮ್ಮ ಎರಡು ಸಲ ಹೇಳಿದ್ದಳು. ನಾನು ಹಾಕಿರಲಿಲ್ಲ. ಲಾಟೀನು ಬಾವಿಯ ಅರ್ಧಕ್ಕೆ ಹೋದಾಗ ದೀಪ ಪುಸಕ್ಕೆಂದು ಆರಿತು. ಎಣ್ಣೆ ಮುಗಿಯಿತು ಅಂದುಕೊಂಡೆ. ಮತ್ತೆ ಆ ಬಿಸಿಲಲ್ಲಿ ಮನೆಗೆ ಹೋಗಬೇಕು, ಅಮ್ಮನ ಬಾಯಿಗೆ ಸಿಗಬೇಕು. ರಾಟೆಯ ಹತ್ತಿರ ಹಗ್ಗ ಬಿಡಿಸುತ್ತಿದ್ದ ಪಕ್ಕದ ಹೊಲದ ಈರಣ್ಣಮಾವ "ಹೆಂಗೈತಮ್ಮ?" ಎಂದು ಕೂಗಿದ. "ಉರೀತೈತೆ," ಅಂದೆ. ತಿಪ್ಪೇಶ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಸ್ವಲ್ಪ ಹೊತ್ತಿಗೆ ಹಗ್ಗ ಜೋತುಬಿತ್ತು. ಈರಣ್ಣಮಾವನೂ ಇನ್ನಿಬ್ಬರೂ ಎಳೆದು ಮೇಲೆ ಹಾಕಿದಾಗ ಅವನ ಮುಖ ನೇರಳೆ ಬಣ್ಣಕ್ಕೆ ತಿರುಗಿತ್ತು.

ಬದುಕಿದ. ಎಲ್ಲರೂ ಅವನನ್ನು ಗಾಡಿಗೆ ಹಾಕುವಾಗ ನಾನು ಲಾಟೀನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಳಗೆ ಎಣ್ಣೆ ಕುಲುಕಿತು. ಬೇಕಾದಷ್ಟಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ದೀಪ ಬಿಟ್ಟಿದ್ದಿರಾ ಎಂದು ಕೇಳಿದರು. ಈರಣ್ಣಮಾವ ನನ್ನ ಕಡೆ ನೋಡಿದ. ಉರೀತಿತ್ತು ಎಂದೆ. ಗಾಳಿ ಸರಿಯಿದ್ದ ಮೇಲೆ ತಪ್ಪು ಆ ದೇಹದ್ದೇ ಆಗಬೇಕಲ್ಲ. ಮೂರ್ಛೆ ಇರಬಹುದು ಎಂದು ಮಾತ್ರೆ ಬರೆದರು. ಊರಿಗೆ ಬರುವಷ್ಟರಲ್ಲಿ "ಇರಬಹುದು" ಎನ್ನುವುದು ಉದುರಿಹೋಗಿತ್ತು.

ಜೋಮ್‌ಸೋಮ್

ಪೋಖರಾದಿಂದ ಜೀಪಿನಲ್ಲಿ ಎರಡು ದಿನ. ದಾರಿಯಲ್ಲಿ ಟೈರು ಪಂಕ್ಚರಾಯಿತು. ತಿಪ್ಪೇಶನ ಮುಖದಲ್ಲಿ ಅಂಥ ಸಂತೋಷವನ್ನು ನಾನು ಯಾವ ದೇವಸ್ಥಾನದ ಮುಂದೆಯೂ ನೋಡಿಲ್ಲ. ಡ್ರೈವರು ಬೇಡವೆಂದರೂ ಕೇಳದೆ ತೋಳು ಮಡಚಿ ಕುಳಿತೇಬಿಟ್ಟ. ಎತ್ತರಕ್ಕೆ ಹೋದಂತೆ ಟೈರು ಬಿಗಿಯಾಗುತ್ತದೆ, ಹೊರಗಿನ ಗಾಳಿಯ ಒತ್ತಡ ಕಡಿಮೆ, ಸ್ವಲ್ಪ ಬಿಡಬೇಕು ಎಂದು ಡ್ರೈವರು ಹೇಳಿಕೊಟ್ಟ. ಇವನು ಕಣ್ಣರಳಿಸಿ ಕೇಳಿದ. ಆಮೇಲೆ ನಾನು ಹಿರಿಯೂರಿನಿಂದ ತಂದಿದ್ದ ಖಾರಾಬೂಂದಿ ಪ್ಯಾಕೆಟು ದಿಂಬಿನಂತೆ ಉಬ್ಬಿದ್ದನ್ನು ತೋರಿಸಿ, "ಇದಕ್ಕೂ ಸ್ವಲ್ಪ ಗಾಳಿ ಬಿಡಬೇಕಕ್ಕ," ಎಂದು ಒಡೆದು ಎಲ್ಲರಿಗೂ ಹಂಚಿದ.

ಜೋಮ್‌ಸೋಮ್ ಗಾಳಿಯ ಊರು. ಬೆಳಿಗ್ಗೆ ಎಲೆ ಅಲ್ಲಾಡುವುದಿಲ್ಲ. ಹನ್ನೊಂದರ ಸುಮಾರಿಗೆ ಯಾರೋ ಬಾಗಿಲು ತೆಗೆದಂತೆ ಕಾಳಿಗಂಡಕಿ ನದಿಯ ಕಣಿವೆಯಲ್ಲಿ ಗಾಳಿ ನುಗ್ಗಿ ಬರುತ್ತದೆ, ಸಂಜೆಯವರೆಗೂ ನಿಲ್ಲುವುದಿಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲಿನ ದೊಡ್ಡ ಫ್ಯಾನುಗಳನ್ನು ಇಲ್ಲಿ ನಿಲ್ಲಿಸಿದ್ದರೆ ರೆಕ್ಕೆ ಕಿತ್ತುಕೊಂಡು ಚೀನಾಕ್ಕೆ ಹೋಗುತ್ತಿದ್ದವು. ಅಲ್ಲಿಯವರು ಗಾಳಿಯನ್ನು ಬೈಯುವುದಿಲ್ಲ. ಹನ್ನೊಂದರೊಳಗೆ ಹೊರಗಿನ ಕೆಲಸ ಮುಗಿಸಿ, ಸೌದೆ ಪೇರಿಸಿದ ಮಾಳಿಗೆಯ ಮನೆಯೊಳಗೆ ಸೇರಿಕೊಳ್ಳುತ್ತಾರೆ.

ನಾವು ಇಳಿದುಕೊಂಡ ಮನೆಯ ಒಡತಿ ನನ್ನ ವಯಸ್ಸಿನವಳು. ಎಲ್ಲರೂ ಅವಳನ್ನು ದೀದಿ ಎನ್ನುತ್ತಿದ್ದರು, ಅವಳು ನನ್ನನ್ನು ದೀದಿ ಎನ್ನುತ್ತಿದ್ದಳು. ಅವಳು ಒಲೆಯ ಮೇಲೆ ಕಪ್ಪು ಹಿಟ್ಟು ತಿರುವುತ್ತಿದ್ದದ್ದು ನೋಡಿ ನನಗೆ ತಡೆಯಲಾಗಲಿಲ್ಲ. ಅದು ಮುದ್ದೆಯೇ! ಢಿಡೋ ಎನ್ನುತ್ತಾರೆ. ನಮ್ಮದು ರಾಗಿ, ಅವರದು ಬೇರೆ ಯಾವುದೋ ಕಾಳು. ಆದರೆ ತಟ್ಟೆಗೆ ಹಾಗೇ ಸುರಿದುಬಿಡುತ್ತಾಳೆ, ಗೊಬ್ಬರದ ಗುಡ್ಡೆ ಇದ್ದಂತೆ. ನಾನು ಕೈ ಒದ್ದೆ ಮಾಡಿಕೊಂಡು ಒಂದನ್ನು ದುಂಡಗೆ ಉರುಳಿಸಿ ಇಟ್ಟೆ. ಅವಳು ಪಕ್ಕದ ಮನೆಯ ಇಬ್ಬರನ್ನು ಕರೆತಂದು ತೋರಿಸಿದಳು. ಅಗಿಯದೆ ನುಂಗಬೇಕು ಎಂದು ಸನ್ನೆ ಮಾಡಿ ನುಂಗಿ ತೋರಿಸಿದಾಗ ಮೂವರೂ ಬಾಯಿ ಮುಚ್ಚಿಕೊಂಡು ನಕ್ಕರು.

ಮಾರನೆಯ ಬೆಳಿಗ್ಗೆ ಮೇಷ್ಟ್ರು ಎಲ್ಲರನ್ನೂ ಅಲ್ಲಿಯ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದರು. ಮೇಲೆ ಹೋಗುವ ಮುನ್ನ ತೋರಿಸಿಕೊಂಡರೆ ಒಳ್ಳೆಯದೆಂದು. ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಎಲ್ಲರ ಬೆರಳಿಗೂ ಚಿಮಟದಂಥದ್ದು ಸಿಕ್ಕಿಸಿ ರಕ್ತದ ಆಮ್ಲಜನಕ ನೋಡಿದಳು. ಹೃದಯ, ಉಬ್ಬಸ, ಮೂರ್ಛೆ ಯಾರಿಗಾದರೂ ಇದೆಯಾ ಎಂದು ಕೇಳಿದಳು. ತಿಪ್ಪೇಶ ತಾನಾಗಿಯೇ ಕೈಯೆತ್ತಿದ.

ಅವಳು ವಿವರ ಕೇಳಿದಳು, ಇವನು ಹೇಳಿದ. ನನಗೆ ಹಿಂದಿ ಬಾರದು. ಆದರೆ ಬಾವಿಗೆ ಕೈ ಮಾಡಿ ತೋರಿಸುವುದು, ಹಗ್ಗ ಬಿಡುವುದು, ದೀಪದ ಗಾಜು ಎಂದು ಎರಡು ಅಂಗೈ ಗುಂಡಗೆ ಮಾಡುವುದು, ಇವಕ್ಕೆ ಭಾಷೆ ಬೇಡ. ಕೊನೆಗೆ ಅವನು "ದೀದಿ" ಎಂದು ನನ್ನ ಕಡೆ ಬೆರಳು ಮಾಡಿದ. ಡಾಕ್ಟರು ನನ್ನನ್ನೇ ನೋಡಿ ಏನೋ ಕೇಳಿದಳು.

"ದೀಪ ಉರೀತಿತ್ತಾ ಅಂತ ಕೇಳ್ತಾವ್ರೆ ಕಣಕ್ಕ."

ಹೌದೆಂದು ತಲೆಯಾಡಿಸಿದೆ. ಅದೇ ಸುಳ್ಳು, ಈ ಸಲ ಬಾಯಿ ಕೂಡ ತೆರೆಯದೆ.

ಹಾಗಿದ್ದರೆ ಇವರು ಮೇಲೆ ಹೋಗುವುದು ಬೇಡ ಎಂದಳು ಡಾಕ್ಟರು. ತಿಪ್ಪೇಶನಿಗೆ ನಿರಾಶೆಯಾದದ್ದು ನನಗೆ ಕಂಡಿತು. ಅವನು ಹಿಮವನ್ನು ಮುಟ್ಟಬೇಕೆಂದೇ ಬಂದವನು. ಆದರೂ ನಗುನಗುತ್ತಲೇ ಹೇಳಿದ: "ಹೋಗ್ಲಿ ಬಿಡ್ರಿ ಮೇಷ್ಟ್ರೇ. ನೀವೆಲ್ಲ ಹೋಗಿ ಬರ್ರಿ. ನಾನು ಇಲ್ಲೇ ದೀದಿ ಮನೆ ಒಲೆ ಕಾಯ್ತೀನಿ. ನಂದು ಯಾವಾಗ್ಲೂ ಇದ್ದಿದ್ದೇ ಅಲ್ವಾ."

ನಂದು ಯಾವಾಗಲೂ ಇದ್ದಿದ್ದೇ. ಇಪ್ಪತ್ತೆರಡು ವರ್ಷದಿಂದ ಈ ಮಾತು ಕೇಳಿದ್ದೇನೆ. ಪ್ರತಿ ಸಲವೂ ಅವನು ನಗುತ್ತಲೇ ಹೇಳುತ್ತಾನೆ.

ಜೋಮ್‌ಸೋಮ್, ಗಾಳಿ ಎದ್ದ ಮೇಲೆ

ಹೊರಗೆ ಬಂದು ನದಿಯ ಕಡೆ ಹೋಗಾಣ ಬಾ ಎಂದು ತಿಪ್ಪೇಶನನ್ನು ಕರೆದೆ. ಅಲ್ಲಿಗೆ ತಲುಪುವಷ್ಟರಲ್ಲಿ ಗಾಳಿ ಎದ್ದಿತ್ತು. ಮರಳು ಮುಖಕ್ಕೆ ರಾಚುತ್ತಿತ್ತು. ನಾನು ಸಣ್ಣ ದನಿಯಲ್ಲಿ ಹೇಳಿದೆ.

"ಏನಕ್ಕ? ಕೇಳಿಸ್ತಿಲ್ಲ."

ಇನ್ನೊಂದು ಸಲ ಹೇಳಿದೆ. ಅವನು ಕಿವಿಗೆ ಕೈ ಹಿಡಿದು ತಲೆಯಾಡಿಸಿದ. ಇಪ್ಪತ್ತೆರಡು ವರ್ಷ ಪಿಸುಮಾತಿನಲ್ಲೂ ಆಡದಿದ್ದುದನ್ನು ನಾನು ಕೂಗಿ ಹೇಳಬೇಕಾಯಿತು.

"ದೀಪ ಆರಿತ್ತು! ನಾನು ಸುಳ್ಳು ಹೇಳಿದ್ದೆ!"

ಅವನು ನನ್ನನ್ನೇ ನೋಡಿದ. ಒಂದು ಬಂಡೆಯ ಮರೆಗೆ ಹೋಗಿ ಕುಕ್ಕರಗಾಲಿನಲ್ಲಿ ಕುಳಿತ. ನಾನೂ ಹೋಗಿ ಕುಳಿತೆ. ಅಲ್ಲಿ ಮಾತು ಕೇಳುತ್ತಿತ್ತು.

"ಎಷ್ಟು ದೂರ ಇಳಿದಿತ್ತು?"

"ಅರ್ಧ."

"ಎಣ್ಣೆ ಇತ್ತಾ?"

"ಇತ್ತು. ಆಮೇಲೆ ಅಲ್ಲಾಡಿಸಿ ನೋಡಿದೆ."

"ಆಮೇಲೆ ಅಂದ್ರೆ ಯಾವಾಗ?"

"ಅವತ್ತೇ. ನಿನ್ನ ಗಾಡಿಗೆ ಹಾಕ್ತಿದ್ರು."

ಅವನು ಜೇಬಿನಿಂದ ಬೀಗದ ಕೈ ತೆಗೆದು ಅಂಗೈಯಲ್ಲಿ ಇಟ್ಟುಕೊಂಡು ನೋಡಿದ. "ಹೊಳಲ್ಕೆರೆ ಹುಡುಗಿ ಮನೆಯವರು ಬ್ಯಾಡ ಅಂದ್ರು. ಹೊಸದುರ್ಗದವರು ಎಲೆ ಅಡಿಕೆ ಇಟ್ಟವರು ವಾಪಸ್ ತಗಂಡ್ರು. ನೀನು ಅಲ್ಲೇ ಕುಂತಿದ್ದೆ."

"ಕುಂತಿದ್ದೆ."

"ಬೈಕ್ ಮುಟ್ಟಿಲ್ಲ ನಾನು. ಮಗಳನ್ನ ಒಂದಿನ ಹೆಗಲ ಮೇಲೆ ಕುಂಡ್ರಿಸ್ಕಂಡಿಲ್ಲ ಕಣಕ್ಕ. ಬಿದ್ಬಿಟ್ರೆ ಅಂತ. ಈಗ ಅವಳು ನನ್ನ ಎತ್ತರಕ್ಕೆ ಬಂದವ್ಳೆ."

ಹೆದರಿಕೆಯಾಯಿತು ಎಂದೆ. ಮೊದಲು ಅಮ್ಮ ಬೈತಾಳೆ ಎಂದು, ಆಮೇಲೆ ನೀನು ಏನಂದುಕೊಳ್ಳುತ್ತೀಯೋ ಎಂದು, ಆಮೇಲೆ ಇಷ್ಟು ವರ್ಷ ಹೇಳದಿದ್ದುದಕ್ಕೇ. ಅವನು ಎದ್ದು ಗಾಳಿಗೆ ಎದುರಾಗಿ, ತಲೆ ತಗ್ಗಿಸಿಕೊಂಡು ನದಿಯ ಗುಂಟ ನಡೆದುಹೋದ. ನಾನು ದೀದಿಯ ಅಡುಗೆಮನೆಯಲ್ಲಿ ಕುಳಿತು ಅವಳ ಜೊತೆ ಒಣಗಿದ ಸೇಬಿನ ಬಿಲ್ಲೆಗಳನ್ನು ದಾರದಿಂದ ಬಿಡಿಸಿದೆ. ಅವಳು ನನ್ನ ಮುಖ ನೋಡಿ ಉಪ್ಪು, ಬೆಣ್ಣೆ ಹಾಕಿದ ಚಹಾ ಕೊಟ್ಟಳು. ಅಷ್ಟು ಕೆಟ್ಟ ಚಹಾ ನಾನು ಕುಡಿದಿಲ್ಲ. ಆದರೂ ಮೂರು ಲೋಟ ಕುಡಿದೆ.

ನಾಲ್ಕು ಗಂಟೆಯ ಹೊತ್ತಿಗೆ ತಿಪ್ಪೇಶ ಬಂದ. ಮೇಷ್ಟ್ರನ್ನು ಕರೆದುಕೊಂಡು ಆರೋಗ್ಯ ಕೇಂದ್ರಕ್ಕೆ ಹೋಗಿ ಡಾಕ್ಟರಿಗೆ ಎಲ್ಲ ಹೇಳಿ ಬಂದಿದ್ದ. ಅವನ ಹಿಂದೆ ಮೇಷ್ಟ್ರು.

"ಡಾಕ್ಟ್ರಮ್ಮ ಹಣೆ ಚಚ್ಕಂಡ್ರು," ಅಂದರು ಮೇಷ್ಟ್ರು. "ದೀಪ ಆರೋ ಜಾಗದಾಗೆ ಯಾರನ್ನ ಇಳಿಸಿದ್ರೂ ಬೀಳ್ತಾರೆ, ಅದು ರೋಗ ಅಲ್ಲ ಅಂದ್ರು. ಇಪ್ಪತ್ತೆರಡು ವರ್ಷದಾಗೆ ಇನ್ನೊಂದು ಸಲ ಬಿದ್ದಿಲ್ಲ ಅಂದ್ರೆ ಹೋಗ್ಲಿ, ನಿಧಾನಕ್ಕೆ ಹೋಗ್ಲಿ ಅಂದ್ರು."

ತಿಪ್ಪೇಶ ನನ್ನ ಪಕ್ಕ ಕೂರಲಿಲ್ಲ. ಒಲೆಯ ಆ ಕಡೆ ಕುಳಿತ.

ಮುಕ್ತಿನಾಥ

ಜೀಪು ಇಳಿದು ದೇವಸ್ಥಾನಕ್ಕೆ ಮೆಟ್ಟಿಲು ಹತ್ತಬೇಕು. ಇಪ್ಪತ್ತು ಮೆಟ್ಟಿಲಿಗೆ ನನ್ನ ಎದೆ ತಿದಿಯಂತಾಯಿತು. ಬಾಯಿ ತೆರೆದು ಎಷ್ಟು ಎಳೆದುಕೊಂಡರೂ ಗಾಳಿ ಒಳಗೆ ಬಂದಂತಾಗುವುದಿಲ್ಲ, ತೂತು ಬಿದ್ದ ಚೊಂಬಿನಲ್ಲಿ ನೀರು ಮೊಗೆದಂತೆ. ಅರವತ್ತು ಚಿಲ್ಲರೆ ಬೀಜ ಎಂದರೆ ಏನೆಂದು ಆಗ ತಿಳಿಯಿತು. ಹೊಸದುರ್ಗದ ಗಟ್ಟಿ ಆಳುಗಳು ತಲೆ ಹಿಡಿದುಕೊಂಡು ಕುಳಿತಿದ್ದರು. ಹನ್ನೆರಡು ಜನರಲ್ಲಿ ಸಲೀಸಾಗಿ ಹತ್ತುತ್ತಿದ್ದವನು ತಿಪ್ಪೇಶ ಒಬ್ಬನೇ.

ಅವನು ಬಹಳ ಮೇಲೆ ಹೋಗಿದ್ದ. ನಿಂತು ತಿರುಗಿ ನೋಡಿದ. ಇಳಿದು ಬಂದು ನನ್ನ ಚೀಲ ಕಿತ್ತುಕೊಂಡು ತನ್ನ ಹೆಗಲಿಗೆ ಹಾಕಿದ.

"ಉಸಿರು ಎಣಿಸ್ಕಂತ ಹತ್ತು. ಒಂದು ಮೆಟ್ಲಿಗೆ ಎರಡು ಉಸಿರು. ಮಾತಾಡಬೇಡ."

ನಿನ್ನೆಯಿಂದ ಅವನು ನನ್ನೊಡನೆ ಆಡಿದ ಮೊದಲ ಮಾತು ಅದು. ನಾನು ಹೇಳಿದಂತೆ ಕೇಳಿದೆ.

ಗುಡಿಯ ಹಿಂದೆ ನೂರೆಂಟು ಧಾರೆಗಳಿಂದ ಹಿಮದ ನೀರು ಬೀಳುತ್ತದೆ. ತಿಪ್ಪೇಶ ಅಂಗಿ ಬಿಚ್ಚಿ ಒಂದೊಂದಕ್ಕೂ ತಲೆಯೊಡ್ಡುತ್ತಾ ಓಡಿದ, ಅಯ್ಯಯ್ಯೋ ಎಂದು ಕೂಗುತ್ತಾ, ಹಲ್ಲು ಕಟಕಟಿಸುತ್ತಾ. ಬಿಸಿಲು ಬೀಳದ ಮೂಲೆಯೊಂದರಲ್ಲಿ ಹಿಮ ಉಳಿದಿತ್ತು. ಮುಟ್ಟಿ ನೋಡಿದ. ಫ್ರಿಜ್ಜಿನೊಳಗೆ ಕಟ್ಟುತ್ತದಲ್ಲ, ಅದೇ ಥರ ಎಂದ. ಇಷ್ಟು ದೂರ ಬಂದು ಹೀಗಂದನಲ್ಲ ಎಂದು ಮೇಷ್ಟ್ರಿಗೆ ಬೇಸರವಾಯಿತು. ನನಗಂತೂ ಅಂಥ ನಿರ್ಮಲವಾದ ಆಕಾಶ ನೋಡಿ ಹೊಟ್ಟೆ ತುಂಬಿದಂತಿತ್ತು. ನಮ್ಮ ನೀಲಿಯಲ್ಲ ಅದು, ಇಂಕಿನ ನೀಲಿ. ಮೇಲೆ ಗಾಳಿ ಕಡಿಮೆ ಇದ್ದಷ್ಟೂ ಬಣ್ಣ ಗಾಢವಾಗುತ್ತದಂತೆ.

ತಿಪ್ಪೇಶ ಬಟ್ಟೆ ಹಾಕಿಕೊಂಡು ಬಂದು ನನ್ನ ಪಕ್ಕದ ಕಟ್ಟೆಯ ಮೇಲೆ ಕುಳಿತ. ಹೆಂಡತಿ ಶಾರದಳಿಗೆ ಫೋನು ಹಚ್ಚಿ, ಅದು ರಿಂಗಾಗುತ್ತಿದ್ದಂತೆ ನನ್ನ ಕೈಗಿಟ್ಟ.

"ನೀನೇ ಹೇಳು. ನನಗೊಬ್ಬನಿಗೆ ಹೇಳಿದ್ರೆ ಮುಗಿಯಲ್ಲ. ನನಗೆ ರೋಗ ಐತೆ ಅಂತ ಯಾರ್ಯಾರಿಗೆ ಗೊತ್ತೋ ಅಷ್ಟೂ ಜನಕ್ಕೆ ಇದು ಗೊತ್ತಾಗಬೇಕು."

ಎರಡು ಮಾತಿಗೊಂದು ಉಸಿರು ಎಳೆದುಕೊಂಡು ಹೇಳಿದೆ.

"ಹದಿನೈದು ವರ್ಷದಿಂದ ನೀರಿನ ಟ್ಯಾಂಕ್ ತೊಳೆಯಾಕೆ ಮಾಳಿಗೆ ಹತ್ತಿದ್ದು ನಾನು," ಅಂದಳು ಶಾರದ. "ಹೆಂಚು ಸರಿ ಮಾಡಾಕೆ ಹತ್ತಿದ್ದು ನಾನು. ಬಸುರಿದ್ದಾಗ್ಲೂ ನಾನೇ. ಊರಿಗೆ ಬರ್ಲಿ, ಹತ್ತಿಸ್ತೀನಿ ಅವರನ್ನ." ಆಮೇಲೆ ದನಿ ಬದಲಾಯಿತು. "ನಿಮ್ಮ ಜೊತೆ ನಾನು ಈಗ ಮಾತಾಡಲ್ಲ ಅಕ್ಕ. ಯಾವಾಗ ಮಾತಾಡ್ತೀನೋ ಗೊತ್ತಿಲ್ಲ. ಅವರಿಗೆ ಬೆಚ್ಚಗೆ ಹೊದ್ಕಳಾಕೆ ಹೇಳ್ರಿ."

ಹೇಳಿದೆ. ಅವನು ನಕ್ಕ. ನನ್ನ ಕಡೆ ನೋಡಿ ನಗಲಿಲ್ಲ, ಬೆಟ್ಟದ ಕಡೆ ನೋಡಿ ನಕ್ಕ. ಆದರೆ ನನ್ನ ಪಕ್ಕದಿಂದ ಏಳಲಿಲ್ಲ.

ಊರು

ತಳದ ಚೀಲಕ್ಕೆ ವಾಪಸು ಬಂದಿದ್ದೇವೆ. ಮೊದಲ ದಿನ ಧರ್ಮಪುರದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಉಸಿರೆಳೆದಾಗ ಗಾಳಿ ಮಜ್ಜಿಗೆಯಂತೆ ಗಂಟಲಲ್ಲಿ ಇಳಿಯಿತು. ಧೂಳು, ಡೀಸೆಲ್ ಹೊಗೆ, ಹುರಿದ ಶೇಂಗಾದ ವಾಸನೆ ಎಲ್ಲ ಸೇರಿ. ಇಷ್ಟು ಗಾಳಿಯನ್ನು ಇಷ್ಟು ವರ್ಷ ಪುಕ್ಕಟೆ ಉಸಿರಾಡಿದ್ದೇನೆ ಎನಿಸಿತು.

ಈರಣ್ಣಮಾವನಿಗೆ ಹೇಳಿದೆ. ಈಗ ಅವನಿಗೆ ಕಣ್ಣು ಮಂಜು. "ನಾನೇ ಬಗ್ಗಿ ನೋಡಬೇಕಿತ್ತು ತಾಯಿ," ಎಂದು ಪದೇ ಪದೇ ಅಂದ. ಅದು ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಅಕ್ಕಪಕ್ಕದ ಮನೆಯವರಿಗೆ ಹೇಳಿದೆ. ಶಾಲೆಯ ಟೀಚರುಗಳಿಗೆ ಹೇಳಿದೆ. ಆದರೆ ಹೊಳಲ್ಕೆರೆ, ಹೊಸದುರ್ಗದ ಆ ಮನೆಗಳಿಗೆ ಹೋಗಿ ಹೇಗೆ ಹೇಳಲಿ? ಬಾವಿ ವಿಷಯ ಕೇಳಿ ಅಲ್ಲಿಂದಿಲ್ಲಿಗೆ ದಾಟಿಸಿದವರೆಲ್ಲ ಎಲ್ಲೆಲ್ಲಿದ್ದಾರೋ. ಪ್ರವಾಸದ ಕಥೆಯಾದರೆ ಜನ ಓದುತ್ತಾರೆ, ಬರೀರಿ ಎಂದರು ಮೇಷ್ಟ್ರು. ಅದಕ್ಕೇ ಬರೆದೆ.

ಬರೆದದ್ದನ್ನು ನೋಟ್‌ಬುಕ್ಕಿನಲ್ಲೇ ತಿಪ್ಪೇಶನ ಅಂಗಡಿಗೆ ಒಯ್ದೆ. ಹಳೇ ಟೈರಿನ ಮೇಲೆ ಕುಳಿತು, ಗ್ರೀಸು ಒರೆಸಿಕೊಂಡು, ಕೊನೆಯವರೆಗೂ ಓದಿದ. ಕೋಳಿಯ ವಿಷಯಕ್ಕೆ ನ್ಯಾಯ ಮಾಡಿಲ್ಲ, ಅದು ಅವನ ಚಪ್ಪಲಿಯ ಮೇಲೆ ಹೇತದ್ದನ್ನು ಬಿಟ್ಟಿದ್ದೇನೆ ಎಂದ. ಆಮೇಲೆ ಹಾಳೆಗಳನ್ನು ಹಿಂದೆ ಮುಂದೆ ತಿರುವಿದ.

"ನನ್ನ ಹೆಸರು ಐತೆ. ಶಾರದಿ ಹೆಸರು ಐತೆ. ಮೇಷ್ಟ್ರ ಹೆಸರು, ಈರಣ್ಣಮಾವನ ಹೆಸರು ಎಲ್ಲ ಐತೆ. ನಿಂದು ಎಲ್ಲೈತೆ?"

ಬೇಕೆಂದು ಬಿಟ್ಟದ್ದಲ್ಲ ಎಂದು ಹೇಳಲು ಹೊರಟವಳು, ಇನ್ನೊಂದು ಸುಳ್ಳು ಯಾಕೆಂದು ನಿಲ್ಲಿಸಿದೆ. ಅವನು ಕಿವಿಗೆ ಸಿಕ್ಕಿಸಿದ್ದ ಪೆನ್ನು ತೆಗೆದು ನನ್ನ ಕೈಗೆ ಕೊಟ್ಟು, ಹೊರಗೆ ಬಂದು ನಿಂತ ಲಾರಿಯ ಕಡೆ ಹೋದ.

ನನ್ನ ಹೆಸರು ರತ್ನಮ್ಮ. ನಮ್ಮೂರ ಶಾಲೆಯಲ್ಲಿ ಅಡುಗೆ ಮಾಡುತ್ತೇನೆ. ನನ್ನ ತಮ್ಮ ತಿಪ್ಪೇಶನಿಗೆ ಯಾವ ರೋಗವೂ ಇಲ್ಲ. ಯಾವತ್ತೂ ಇರಲಿಲ್ಲ.